ಮಾತಾಡಿಕೊಂಡು ಓಡಿ

ಬೆಳಿಗ್ಗೆ ಆರು ಗಂಟೆಗೆ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಹೋದರೆ ಒಬ್ಬರು ನಿವೃತ್ತ ಮೇಷ್ಟ್ರು ಓಡುತ್ತಿರುತ್ತಾರೆ. ವಯಸ್ಸು 68. ಓಟ ಅಂದರೆ ಜೋರು ನಡಿಗೆಗಿಂತ ಒಂದು ಚೂರು ಜಾಸ್ತಿ, ಅಷ್ಟೇ. ಎದುರಿಗೆ ಬಂದವರನ್ನೆಲ್ಲ ಮಾತಾಡಿಸುತ್ತಾರೆ, ನೀರಿನ ಮೇಲೆ ಹೆಜ್ಜಾರ್ಲೆ ಇಳಿದರೆ ಕೈ ಎತ್ತಿ ತೋರಿಸುತ್ತಾರೆ, ಕಾಲು ಮಾತ್ರ ನಿಲ್ಲುವುದಿಲ್ಲ. ನಾನು ಓಟ ಶುರು ಮಾಡಿದಾಗ ನನಗೆ 41. ದಿನಾ ಅವರನ್ನು ದಾಟಿಕೊಂಡು ಮುಂದೆ ಹೋಗುತ್ತಿದ್ದೆ, ಅರ್ಧ ಸುತ್ತು ಮುಗಿಯುವಷ್ಟರಲ್ಲಿ ಬೆಂಚಿನ ಮೇಲೆ ಕೂತು ಏದುಸಿರು ಬಿಡುತ್ತಿದ್ದೆ. ಎರಡು ವಾರ ನೋಡಿದ ಮೇಲೆ ಒಂದು ದಿನ ಅವರೇ ಪಕ್ಕಕ್ಕೆ ಬಂದರು.

"ಇವತ್ತು ನಿಮ್ಮನೇಲಿ ಏನ್ ತಿಂಡಿ?"

"ಉಪ್ಪಿಟ್ಟು" ಅಂದೆ. ಅಷ್ಟಕ್ಕೇ ಉಸಿರು ಕಟ್ಟಿತು.

"ಪೂರ್ತಿ ವಾಕ್ಯ ಹೇಳಿ. ಯಾರು ಮಾಡ್ತಾರೆ, ಏನೇನ್ ಹಾಕ್ತಾರೆ. ಆಗ್ತಿಲ್ಲ ಅಲ್ವಾ? ಹಂಗಾದ್ರೆ ಇನ್ನೂ ಇಳಿಸಿ ಸ್ಪೀಡು. ಮಾತಾಡಕ್ಕಾಗೋವಷ್ಟು ನಿಧಾನಕ್ಕೆ ಓಡಿ."

ಆವತ್ತಿನಿಂದ ನಾನು ಓದಿ ತಿಳಿದುಕೊಂಡಿದ್ದು, ನನ್ನ ಮೈಮೇಲೆ ಕಂಡಿದ್ದು ಎಲ್ಲ ಈ ಒಂದು ಮಾತಿಗೇ ಬಂದು ನಿಲ್ಲುತ್ತದೆ. ದೂರ ಓಡಬೇಕು ಅಂತ ಆಸೆ ಇರುವವರು ಮೊದಲು ನಿಧಾನ ಓಡುವುದನ್ನು ಕಲಿಯಬೇಕು. ಯಾಕೆ ಅನ್ನುವುದಕ್ಕೆ ಉತ್ತರ ನಮ್ಮ ಮೈಯೊಳಗೇ ಇದೆ.

ಗುಂಡಿಗೆಯಿಂದ ಶುರು ಮಾಡೋಣ. ಸುಮ್ನೆ ಕೂತಿರುವಾಗ ನಮ್ಮ ಮೈಗೆ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ಬೇಕು. ಸಾಮಾನ್ಯ ಗುಂಡಿಗೆ ಒಂದು ಬಡಿತಕ್ಕೆ 70 ಮಿಲಿಲೀಟರ್ ತಳ್ಳಿದರೆ, 70 ಬಡಿತಕ್ಕೆ ಲೆಕ್ಕ ಸರಿಹೋಗುತ್ತದೆ. ವರ್ಷಗಟ್ಟಲೆ ಓಡಿ ಪಳಗಿದವರ ಗುಂಡಿಗೆ ಒಂದು ಬಡಿತಕ್ಕೆ 100 ಮಿಲಿಲೀಟರ್ ತಳ್ಳಬಲ್ಲದು, ಅವರಿಗೆ 50 ಬಡಿತ ಸಾಕು. ಈ ಬದಲಾವಣೆ ತರಲು ಜೋರಾಗಿ ಓಡಲೇಬೇಕು ಅಂತೇನಿಲ್ಲ. ಆರಾಮಾಗಿ ಓಡುವಾಗಲೇ ಗುಂಡಿಗೆ ಪ್ರತಿ ಬಡಿತಕ್ಕೂ ಹೆಚ್ಚುಕಡಿಮೆ ಪೂರ್ತಿ ತುಂಬಿಕೊಳ್ಳುತ್ತದೆ. ಹಾಗೆ ಮುಕ್ಕಾಲು ಗಂಟೆ, ಒಂದು ಗಂಟೆ ತುಂಬುತ್ತಾ ಖಾಲಿಯಾಗುತ್ತಾ ಇದ್ದರೆ ತಿಂಗಳುಗಳ ಮೇಲೆ ಅದರ ಕೋಣೆ ಅಗಲವಾಗುತ್ತದೆ, ಮೈಯಲ್ಲಿ ರಕ್ತದ ಪ್ರಮಾಣವೂ ಏರುತ್ತದೆ. ಬೆಳಿಗ್ಗೆ ಎದ್ದ ತಕ್ಷಣ, ಕಾಫಿಗೂ ಮುಂಚೆ, ಹಾಸಿಗೆಯಲ್ಲೇ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಎಣಿಸಿ ನೋಡಿ. ನನ್ನದು ಶುರುವಿನಲ್ಲಿ 78 ಇತ್ತು, ಹತ್ತು ತಿಂಗಳಿಗೆ 60 ಆಯಿತು. ಆ 60 ಎಣಿಸಿದ ಬೆಳಿಗ್ಗೆ ನನಗಾದ ಖುಷಿ ಈಗಲೂ ನೆನಪಿದೆ. ಎಣಿಕೆ ತಪ್ಪಿರಬಹುದು ಅಂತ ಮೂರು ಸಲ ಎಣಿಸಿದ್ದೆ.

ಇನ್ನು ಕಾಲಿನ ಮಾಂಸಖಂಡ. ಅದರ ಒಂದೊಂದು ಎಳೆಯಲ್ಲೂ ಮೈಟೋಕಾಂಡ್ರಿಯಾ ಅನ್ನುವ ಪುಟ್ಟ ಒಲೆಗಳಿವೆ. ಗಾಳಿಯಲ್ಲಿನ ಆಮ್ಲಜನಕ ಬಳಸಿ ಸಕ್ಕರೆ, ಕೊಬ್ಬು ಎರಡನ್ನೂ ಉರಿಸಿ ಶಕ್ತಿ ತೆಗೆಯುವುದು ಇವೇ. 1967ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಜಾನ್ ಹೊಲೋಸ್ಜಿ ಅನ್ನುವ ವಿಜ್ಞಾನಿ ಇಲಿಗಳನ್ನು ಟ್ರೆಡ್‌ಮಿಲ್ ಮೇಲೆ ವಾರಗಟ್ಟಲೆ ಓಡಿಸಿ ಅವುಗಳ ಕಾಲಿನ ಮಾಂಸವನ್ನು ಪರೀಕ್ಷೆ ಮಾಡಿದರು. ಈ ಒಲೆಗಳ ಸಾಮರ್ಥ್ಯ ಸುಮಾರು ಎರಡು ಪಟ್ಟಾಗಿತ್ತು. ಜೊತೆಗೆ ಮಾಂಸದ ಎಳೆಗಳ ಸುತ್ತ ಕೂದಲಿಗಿಂತ ಸಣ್ಣದಾದ ಲೋಮನಾಳಗಳು ಹೊಸದಾಗಿ ಹುಟ್ಟುತ್ತವೆ. ಗದ್ದೆಗೆ ಹೊಸ ಕಾಲುವೆ ತೋಡಿದ ಹಾಗೆ, ರಕ್ತ ಮೂಲೆಮೂಲೆಗೂ ಮುಟ್ಟುತ್ತದೆ. ಇದಕ್ಕೆಲ್ಲ ಬೇಕಾಗಿರುವುದು ತುಂಬಾ ಹೊತ್ತಿನ, ಮತ್ತೆ ಮತ್ತೆ ಮಾಡುವ ಓಟ. ಜೋರಾಗಿ ಓಡಿದರೆ ಅಷ್ಟು ಹೊತ್ತು ಓಡಲು ಆಗುವುದಿಲ್ಲ, ಮಾರನೇ ದಿನ ಮತ್ತೆ ಬರಲೂ ಆಗುವುದಿಲ್ಲ.

ಈ ವಿಜ್ಞಾನ ಗೊತ್ತಾಗುವ ಮುಂಚೆಯೇ ಇದನ್ನು ಮಾಡಿ ತೋರಿಸಿದವರು ನ್ಯೂಜಿಲೆಂಡಿನ ಆರ್ಥರ್ ಲಿಡಿಯಾರ್ಡ್. ಇವರ ಕಥೆ ನನಗೆ ಬಹಳ ಇಷ್ಟ. ಶೂ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ಮನುಷ್ಯ, ಯಾವ ಕ್ರೀಡಾ ಶಾಲೆಯಲ್ಲೂ ಕಲಿತವರಲ್ಲ, ತನ್ನ ಮೈಮೇಲೆಯೇ ಪ್ರಯೋಗ ಮಾಡಿ ಮಾಡಿ ಎಷ್ಟು ಓಡಿದರೆ ಒಳ್ಳೆಯದು ಅಂತ ಕಂಡುಕೊಂಡವರು. ಆಕ್ಲೆಂಡಿನಲ್ಲಿ ತನ್ನ ಅಕ್ಕಪಕ್ಕದ ಬೀದಿಗಳ ಹುಡುಗರನ್ನು ಸೇರಿಸಿಕೊಂಡು ವಾರಕ್ಕೆ 160 ಕಿ.ಮೀ. ಓಡಿಸುತ್ತಿದ್ದರು. ಭಾನುವಾರ ಗುಡ್ಡದ ದಾರಿಯಲ್ಲಿ 35 ಕಿ.ಮೀ. ಆ ಗುಂಪಿನಲ್ಲಿ ಪೀಟರ್ ಸ್ನೆಲ್ ಅಂತ ಒಬ್ಬ ಹುಡುಗ. ಅವನ ಸ್ಪರ್ಧೆ ಬರೀ 800 ಮೀಟರ್, ಎರಡು ನಿಮಿಷವೂ ಹಿಡಿಯದ ಓಟ. ಅದಕ್ಕೆ ಯಾಕೆ 35 ಕಿ.ಮೀ. ಓಡಬೇಕು ಅಂತ ಯಾರಿಗಾದರೂ ಅನ್ನಿಸುತ್ತೆ ಅಲ್ವಾ? 1960ರ ಸೆಪ್ಟೆಂಬರ್ 2ರಂದು ರೋಮ್ ಒಲಿಂಪಿಕ್ಸ್‌ನಲ್ಲಿ ಸ್ನೆಲ್ 800 ಮೀಟರ್ ಚಿನ್ನ ಗೆದ್ದ. ಒಂದು ಗಂಟೆಯೊಳಗೆ ಅದೇ ಗುಂಪಿನ ಮರ್ರೆ ಹಾಲ್ಬರ್ಗ್ 5,000 ಮೀಟರ್ ಚಿನ್ನ ಗೆದ್ದರು. ಚಿಕ್ಕ ವಯಸ್ಸಿನಲ್ಲಿ ರಗ್ಬಿ ಆಡುವಾಗ ಪೆಟ್ಟಾಗಿ ಹಾಲ್ಬರ್ಗ್ ಅವರ ಎಡಗೈ ಸ್ವಾಧೀನ ಕಳೆದುಕೊಂಡಿತ್ತು. ಸ್ನೆಲ್ ಮುಂದೆ ಓಟ ಬಿಟ್ಟ ಮೇಲೆ ಇದು ಹೇಗೆ ಕೆಲಸ ಮಾಡಿತು ಅಂತ ತಿಳಿಯಲು ಓದಿಗೆ ಕೂತರು, ಅಮೆರಿಕದಲ್ಲಿ ವ್ಯಾಯಾಮ ವಿಜ್ಞಾನಿಯೇ ಆದರು.

ಈಗಿನ ದೊಡ್ಡ ಓಟಗಾರರೂ ಅಷ್ಟೇ. ನಾರ್ವೆಯಲ್ಲಿ ನೆಲೆಸಿರುವ ಸ್ಟೀಫನ್ ಸೈಲರ್ ಅನ್ನುವ ಸಂಶೋಧಕರು ಹಲವು ಕ್ರೀಡೆಗಳ ಅಗ್ರ ಆಟಗಾರರ ಅಭ್ಯಾಸವನ್ನು ಲೆಕ್ಕ ಹಾಕಿದಾಗ, ಹತ್ತರಲ್ಲಿ ಸುಮಾರು ಎಂಟು ದಿನ ಅವರು ಆರಾಮದ ವೇಗದಲ್ಲೇ ಇರುತ್ತಾರೆ ಅಂತ ಕಂಡಿತು. ಉಳಿದ ಎರಡು ದಿನ ಮಾತ್ರ ನಿಜವಾಗಿ ಜೋರು. ನಮ್ಮಂಥವರು ಮಾಡುವ ತಪ್ಪು ಏನು ಅಂದರೆ, ದಿನಾ ನಡುವಿನ ವೇಗದಲ್ಲಿ ಓಡುತ್ತೇವೆ. ಸುಧಾರಿಸಿಕೊಳ್ಳಲು ಅದು ಜಾಸ್ತಿ, ಜೋರಿನ ಅಭ್ಯಾಸಕ್ಕೆ ಅದು ಕಮ್ಮಿ.

ಜೋರಿನ ದಿನಕ್ಕೆ ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲಿಗಿಂತ ಒಳ್ಳೆಯ ಜಾಗ ಇಲ್ಲ. ಆದರೆ ಒಂದು ಮಾತು. ಹತ್ತಿದ್ದಕ್ಕಿಂತ ಇಳಿದಿದ್ದು ತೊಡೆಗೆ ಜಾಸ್ತಿ ನೋವು ಕೊಡುತ್ತದೆ. ಇಳಿಯುವಾಗ ತೊಡೆಯ ಮಾಂಸ ಮೈಭಾರ ತಡೆಯುತ್ತಲೇ ಉದ್ದಕ್ಕೆ ಎಳೆಯಲ್ಪಡುತ್ತದೆ, ಅದರಿಂದ ಎಳೆಗಳಲ್ಲಿ ಕಣ್ಣಿಗೆ ಕಾಣದಂಥ ಸಣ್ಣ ಹರುಕು ಆಗುತ್ತದೆ. ಎರಡನೇ ದಿನ ಬಸ್ಸಿನ ಮೆಟ್ಟಿಲು ಇಳಿಯುವುದೂ ಕಷ್ಟ. ಮೊದಲ ಒಂದೆರಡು ಸಲ ನಂದಿಯವರೆಗೆ ಮಾತ್ರ ಇಳಿಯಿರಿ, ಮುಂದಿನ ಸಲಕ್ಕೆ ಮೈ ತಾನೇ ಗಟ್ಟಿಯಾಗಿರುತ್ತದೆ.

ಇಲ್ಲಿ ನನಗೆ ಬಿದ್ದ ಪೆಟ್ಟನ್ನು ಹೇಳಲೇಬೇಕು. ನಾಲ್ಕನೇ ತಿಂಗಳಿಗೆ ಉಸಿರು ಚೆನ್ನಾಗಿ ಪಳಗಿತ್ತು. ಎಷ್ಟು ದೂರ ಬೇಕಾದರೂ ಓಡಬಲ್ಲೆ ಅನ್ನಿಸುತ್ತಿತ್ತು, ಹಾಗಾಗಿ ವಾರಕ್ಕೆ 20 ಕಿ.ಮೀ. ಓಡುತ್ತಿದ್ದವನು ಮೂರೇ ವಾರದಲ್ಲಿ 45ಕ್ಕೆ ಹೋದೆ. ಬಲಗಾಲಿನ ಮೊಣಕಾಲ ಕೆಳಗಿನ ಮೂಳೆಯಲ್ಲಿ, ಬೆರಳಿಟ್ಟು ತೋರಿಸಬಹುದಾದ ಒಂದೇ ಜಾಗದಲ್ಲಿ, ನೋವು ಶುರುವಾಯಿತು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಎಂಆರ್‌ಐ ಮಾಡಿಸಿದಾಗ ಮೂಳೆಯಲ್ಲಿ ಬಿರುಕು ಶುರುವಾಗಿರುವುದು ಗೊತ್ತಾಯಿತು. ಎರಡು ತಿಂಗಳು ಓಟ ಬಂದ್. ಆ ದಿನಗಳು ತುಂಬಾ ಕಷ್ಟವಾಗಿದ್ದವು. ಯಾಕೆ ಹೀಗಾಗುತ್ತದೆ ಅಂದರೆ, ಗುಂಡಿಗೆ, ರಕ್ತ, ಉಸಿರು ವಾರಗಳಲ್ಲೇ ಸುಧಾರಿಸತೊಡಗುತ್ತವೆ, ಮೂಳೆಗೆ ಮತ್ತು ಮಾಂಸವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜುಗಳಿಗೆ ತಿಂಗಳುಗಳು ಬೇಕು. ಮೇಲಾಗಿ ಮೂಳೆ ಗಟ್ಟಿಯಾಗುವ ರೀತಿಯೇ ಬೇರೆ. ಹೊಸ ಭಾರ ಬಿದ್ದರೆ ಮೊದಲು ಕೆಲವು ಜೀವಕೋಶಗಳು ಹಳೆಯ ಮೂಳೆಯನ್ನು ಅಗೆದು ತೆಗೆಯುತ್ತವೆ, ಆಮೇಲೆ ಬೇರೆ ಕೋಶಗಳು ಬಂದು ಹೊಸದನ್ನು ಕಟ್ಟುತ್ತವೆ. ರಸ್ತೆ ರಿಪೇರಿಗೆ ಅಂತ ಅಗೆದಿಟ್ಟು ಡಾಂಬರು ಹಾಕುವ ಮುಂಚೆಯೇ ಲಾರಿ ಬಿಟ್ಟರೆ ಏನಾಗುತ್ತೋ ನನ್ನ ಕಾಲಿಗೂ ಅದೇ ಆಯಿತು. ಒಂದೇ ಜಾಗದಲ್ಲಿ, ಮೂಳೆ ಮೇಲೆ, ನೋವು ಬಂದರೆ ದಯವಿಟ್ಟು ಓಟ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ. ಹಾಗೆಯೇ ನಲವತ್ತು ದಾಟಿದವರು, ಬಿಪಿ, ಶುಗರ್, ಎದೆನೋವು ಇದ್ದವರು ಓಟ ಶುರು ಮಾಡುವ ಮುಂಚೆಯೇ ಒಮ್ಮೆ ತೋರಿಸಿಕೊಳ್ಳಿ.

ಈಗ ಊಟದ ವಿಷಯ. ಮ್ಯಾರಥಾನ್ ಓಡಿದ ಎಷ್ಟೋ ಜನ 30 ಕಿ.ಮೀ. ದಾಟಿದ ಮೇಲೆ ಗೋಡೆಗೆ ಗುದ್ದಿದ ಹಾಗಾಯಿತು ಅನ್ನುತ್ತಾರೆ. ಇದರ ಲೆಕ್ಕ ಸುಲಭ. ಓಡಲು ಒಂದು ಕಿಲೋ ಮೈತೂಕಕ್ಕೆ ಒಂದು ಕಿ.ಮೀ.ಗೆ ಸುಮಾರು ಒಂದು ಕಿಲೋಕ್ಯಾಲರಿ ಖರ್ಚು. 60 ಕಿಲೋ ತೂಗುವವರಿಗೆ 42.195 ಕಿ.ಮೀ.ಗೆ ಸುಮಾರು 2,500. ನಮ್ಮ ಮಾಂಸಖಂಡ, ಪಿತ್ತಜನಕಾಂಗ ಎರಡರಲ್ಲೂ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಸಕ್ಕರೆಯಿಂದ ಸಿಗುವುದು ಸುಮಾರು 2,000. ಮೈಯಲ್ಲಿರುವ ಹತ್ತು ಕಿಲೋ ಕೊಬ್ಬಿನಲ್ಲಾದರೋ 70 ಸಾವಿರಕ್ಕೂ ಜಾಸ್ತಿ ಇದೆ! ಆದರೆ ಕೊಬ್ಬು ನಿಧಾನಕ್ಕೆ ಉರಿಯುವ ಸೌದೆ, ಅದಕ್ಕೆ ಆಮ್ಲಜನಕವೂ ಆ ಪುಟ್ಟ ಒಲೆಗಳೂ ಬೇಕು. ಜೋರಾಗಿ ಓಡಿದರೆ ಮೈ ಸಕ್ಕರೆಗೇ ಕೈ ಹಾಕುತ್ತದೆ. ಮಾತಾಡಿಕೊಂಡು ಓಡಿ ಒಲೆಗಳನ್ನು ಹೆಚ್ಚಿಸಿಕೊಂಡವರ ಮೈ ಕೊಬ್ಬನ್ನು ಜಾಸ್ತಿ ಉರಿಸಿ, ಸಕ್ಕರೆಯನ್ನು ಕೊನೆಯವರೆಗೆ ಉಳಿಸಿಕೊಳ್ಳುತ್ತದೆ.

ಗ್ಲೈಕೋಜನ್ ಬಗ್ಗೆ 1966ರಲ್ಲಿ ಸ್ವೀಡನ್ನಿನ ಬೆರ್ಗ್‌ಸ್ಟ್ರೋಮ್ ಮತ್ತು ಹಲ್ಟ್‌ಮನ್ ಮಾಡಿದ ಪ್ರಯೋಗ ಎಷ್ಟು ಚೆನ್ನಾಗಿದೆ ನೋಡಿ. ಒಂದೇ ವ್ಯಾಯಾಮದ ಸೈಕಲ್ಲು, ಇಬ್ಬರು ವಿಜ್ಞಾನಿಗಳು. ಆ ಕಡೆ ಒಬ್ಬರು, ಈ ಕಡೆ ಒಬ್ಬರು ಇದ್ದುಕೊಂಡು ಒಂದೊಂದೇ ಕಾಲಿನಿಂದ ಪೆಡಲ್ ತುಳಿದರು, ಇನ್ನೊಂದು ಕಾಲಿಗೆ ಪೂರ್ತಿ ವಿಶ್ರಾಂತಿ. ತುಳಿದ ಕಾಲಿನ ಸಕ್ಕರೆ ಬರಿದಾಯಿತು. ಆಮೇಲೆ ಮೂರು ದಿನ ಹಿಟ್ಟು, ಸಕ್ಕರೆ ಅಂಶ ಜಾಸ್ತಿ ಇರುವ ಊಟ ಮಾಡಿ, ಸೂಜಿಯಿಂದ ತೊಡೆಯ ಮಾಂಸದ ಚೂರು ತೆಗೆದು ನೋಡಿದರು. ದಣಿದ ಕಾಲಿನಲ್ಲಿ ವಿಶ್ರಾಂತಿಯ ಕಾಲಿಗಿಂತ ಸುಮಾರು ಎರಡು ಪಟ್ಟು ಸಕ್ಕರೆ ತುಂಬಿಕೊಂಡಿತ್ತು! ಒಂದೇ ಮೈ, ಒಂದೇ ಊಟ, ದುಡಿದ ಕಾಲಿಗೆ ಮಾತ್ರ ಪಾಲು ಜಾಸ್ತಿ. ಓಟಗಾರರು ಸ್ಪರ್ಧೆಯ ಹಿಂದಿನ ದಿನಗಳಲ್ಲಿ ಅನ್ನ, ಮುದ್ದೆ ಜಾಸ್ತಿ ಊಟ ಮಾಡುವುದರ ಹಿಂದೆ ಈ ಎರಡು ಕಾಲುಗಳ ಲೆಕ್ಕ ಇದೆ.

ಓಡುತ್ತಲೇ ತಿನ್ನಲು ನಾನು ಬಳಸುವುದು ಬೆಲ್ಲ. ನಮ್ಮದು ಮಂಡ್ಯದ ಕಡೆ ಊರು, ಆಲೆಮನೆಯ ಹೊಗೆ ನೋಡಿಕೊಂಡೇ ಬೆಳೆದವನು. ಅಚ್ಚಿಗೆ ಹೊಯ್ದ ಬೆಲ್ಲ ಆರುವ ಮುಂಚೆ ಕೊಪ್ಪರಿಗೆಯ ಅಂಚಿನಿಂದ ಕೆರೆದು ಕೈಗೆ ಹಾಕುತ್ತಿದ್ದ ಬಿಸಿ ಪಾಕದ ರುಚಿ ಈಗಲೂ ನಾಲಿಗೆಯಲ್ಲಿದೆ. ಬೆಲ್ಲದಲ್ಲಿರುವುದು ಬಹುಪಾಲು ಸುಕ್ರೋಸ್. ಅದು ಕರುಳಿನಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಅಂತ ಎರಡಾಗುತ್ತದೆ, ಎರಡಕ್ಕೂ ಕರುಳಿನ ಗೋಡೆಯಲ್ಲಿ ಬೇರೆ ಬೇರೆ ಬಾಗಿಲು, ಹಾಗಾಗಿ ಬಾಗಿಲ ಹತ್ತಿರ ನೂಕುನುಗ್ಗಲು ಕಮ್ಮಿ. ಒಂದೂವರೆ ಗಂಟೆಗಿಂತ ಜಾಸ್ತಿ ಓಡುವ ದಿನ ಗಂಟೆಗೆ 30ರಿಂದ 60 ಗ್ರಾಂ ಸಕ್ಕರೆ ಅಂಶ ಬೇಕಾಗುತ್ತದೆ. ದಿನನಿತ್ಯದ ಅರ್ಧ ಗಂಟೆ ಓಟಕ್ಕೆ ಏನೂ ಬೇಡ.

ನೀರು? ಬಾಯಾರಿಕೆ ಆದಷ್ಟು ಕುಡಿಯಿರಿ. ಬಾಯಾರುವ ಮುಂಚೆಯೇ ಕುಡಿಯಬೇಕು ಅನ್ನುವ ಮಾತು ಎಷ್ಟೋ ಜನರಿಗೆ ಅಪಾಯ ತಂದಿದೆ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತ ಪರೀಕ್ಷೆ ಮಾಡಿದಾಗ 13 ಶೇಕಡಾ ಜನರಲ್ಲಿ ಉಪ್ಪಿನ ಅಂಶವಾದ ಸೋಡಿಯಂ ಇರಬೇಕಾದ ಮಟ್ಟಕ್ಕಿಂತ ಇಳಿದಿತ್ತು. ಓಡಿ ಮುಗಿಸುವಷ್ಟರಲ್ಲಿ ತೂಕ ಏರಿಸಿಕೊಂಡವರೇ, ಅಂದರೆ ಬೆವರಿದ್ದಕ್ಕಿಂತ ಜಾಸ್ತಿ ಕುಡಿದವರೇ, ಅವರಲ್ಲಿ ಹೆಚ್ಚು. ಮನೆಗೆ ಬಂದ ಮೇಲೆ ಉಪ್ಪು ಹಾಕಿದ ಒಂದು ಚೆಂಬು ಮಜ್ಜಿಗೆ ನನಗೆ ಸಾಕು.

ವಯಸ್ಸಾಯಿತು ಅನ್ನುವವರಿಗೆ ನಾನು ಫೌಜಾ ಸಿಂಗ್ ಅವರ ಕಥೆ ಹೇಳುತ್ತೇನೆ. ಪಂಜಾಬಿನ ರೈತ ಮನೆತನದವರು, ಮಗನನ್ನು ಕಳೆದುಕೊಂಡ ದುಃಖದಲ್ಲಿ ಓಟಕ್ಕೆ ಬಂದವರು. ಮೊದಲ ಮ್ಯಾರಥಾನ್ ಓಡಿದ್ದು 2000ರಲ್ಲಿ ಲಂಡನ್ನಿನಲ್ಲಿ, 89ನೇ ವಯಸ್ಸಿಗೆ. 2011ರಲ್ಲಿ, ನೂರು ತುಂಬಿದ ಮೇಲೆ, ಟೊರಾಂಟೊದಲ್ಲಿ ಪೂರ್ತಿ ಮ್ಯಾರಥಾನ್ ಮುಗಿಸಿದರು. ಜನನ ಪತ್ರ ಇಲ್ಲ ಅಂತ ಗಿನ್ನೆಸ್ ದಾಖಲೆ ಸಿಗಲಿಲ್ಲ. 2025ರ ಜುಲೈನಲ್ಲಿ ತಮ್ಮ ಊರಿನ ರಸ್ತೆಯಲ್ಲಿ ವಾಹನ ಡಿಕ್ಕಿಯಾಗಿ ತೀರಿಕೊಂಡರು. ಆ ಸುದ್ದಿ ಕೇಳಿ ಅವತ್ತು ಕೆರೆ ಏರಿ ಮೇಲೆ ನಾವು ನಾಲ್ಕೈದು ಜನ ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದೆವು.

ಹೆಂಗಸರಿಗೆ ಓಟ ಯಾಕೆ ಅನ್ನುವವರು ಇನ್ನೂ ಇದ್ದಾರೆ. 1928ರ ಒಲಿಂಪಿಕ್ಸ್‌ನಲ್ಲಿ ಹೆಂಗಸರ 800 ಮೀಟರ್ ಓಟ ಇಟ್ಟು, ಅವರ ಮೈಗೆ ಇದು ತಡೆಯುವುದಿಲ್ಲ ಅಂತ ಹೇಳಿ ತೆಗೆದುಹಾಕಿದರು. ಅದು ವಾಪಸ್ ಬಂದಿದ್ದು 1960ಕ್ಕೆ. ಮ್ಯಾರಥಾನ್ ಸಿಕ್ಕಿದ್ದು 1984ಕ್ಕೆ, ಲಾಸ್ ಏಂಜಲೀಸ್‌ನಲ್ಲಿ. ಮಂಡಿ ಆಪರೇಷನ್ ಆಗಿ 17 ದಿನಕ್ಕೆ ಆಯ್ಕೆಯ ಓಟ ಗೆದ್ದಿದ್ದ ಅಮೆರಿಕದ ಜೋನ್ ಬೆನೊಯ್ ಅದನ್ನು 2 ಗಂಟೆ 24 ನಿಮಿಷ 52 ಸೆಕೆಂಡಿನಲ್ಲಿ ಗೆದ್ದರು.

ನಮ್ಮ ಅಕ್ಕನಿಗೆ 52. ಪಾಂಡವಪುರದ ಕಡೆ ಇರುತ್ತಾಳೆ. ಹೋದ ವರ್ಷ ಶುಗರ್ ಬಾರ್ಡರಿನಲ್ಲಿದೆ ಅಂತ ಡಾಕ್ಟರು ಹೇಳಿದ ಮೇಲೆ ಅವರನ್ನೇ ಕೇಳಿಕೊಂಡು ಓಟ ಶುರು ಮಾಡಿದಳು. ದುಡಿಯುತ್ತಿರುವ ಮಾಂಸಖಂಡ ಇನ್ಸುಲಿನ್‌ಗೆ ಕಾಯದೆ ರಕ್ತದ ಸಕ್ಕರೆಯನ್ನು ತಾನೇ ಒಳಗೆ ಎಳೆದುಕೊಳ್ಳುತ್ತದೆ, ಅದಕ್ಕೇ ಇದು ಅವಳಂಥವರಿಗೆ ಇಷ್ಟು ಒಳ್ಳೆಯದು. ವಿ.ಸಿ. ನಾಲೆ ಏರಿ ಮೇಲೆ, ಬೆಳಕು ಹರಿದ ಮೇಲೆಯೇ, ಪಕ್ಕದ ಮನೆಯವರನ್ನು ಜೊತೆಗೆ ಕರೆದುಕೊಂಡೇ ಹೋಗುತ್ತಾಳೆ. ಮೊದಲು ಎರಡು ಲೈಟ್ ಕಂಬದ ದೂರ ಓಟ, ನಾಲ್ಕು ಕಂಬ ನಡಿಗೆ. ಈಗ ನಡಿಗೆ ಇಲ್ಲ.

ಹೋದ ಭಾನುವಾರ ಅವಳ ಜೊತೆ ನಾನೂ ಓಡಿದೆ. ಎರಡೂ ಕಡೆ ಕಬ್ಬು, ನಾಲೆಯಲ್ಲಿ ತುಂಬಿ ಹರಿಯುವ ನೀರು. ನಾದಿನಿ ಮಗಳ ಮದುವೆ ಹೇಗೆ ಗೊತ್ತಾಯಿತು ಅಂತ ಮೊದಲಿನಿಂದ ಹೇಳಲು ಶುರು ಮಾಡಿದಳು. ಗಂಡಿನ ಕಡೆಯವರು ಬಂದಿದ್ದು, ಜಾತಕ ಕೂಡದೆ ಇದ್ದಿದ್ದು, ಛತ್ರ ಸಿಗದೆ ಅಲೆದಿದ್ದು, ಒಂದೂ ಬಿಡದೆ, ಎಲ್ಲೂ ಉಸಿರು ಕಟ್ಟದೆ. ಕಥೆ ಧಾರೆಯ ಹತ್ತಿರ ಬರುವಷ್ಟರಲ್ಲಿ ಆರು ಕಿ.ಮೀ. ಮುಗಿದು ಮನೆ ಬಾಗಿಲಿಗೆ ಬಂದಿದ್ದೆವು.

"ಉಳಿದಿದ್ದು ಬರೋ ಭಾನುವಾರ ಹೇಳ್ತೀನಿ ಕಣೋ" ಅಂದಳು.