ತಲೆಬುರುಡೆ ಪತಂಗ: ಮೂರು ಪ್ರಭೇದ, ಒಂದು ಮೋಟು ನಾಲಿಗೆ

ಎಳ್ಳಿನ ಹೊಲದಲ್ಲಿ ಹೆಬ್ಬೆರಳು ಗಾತ್ರದ, ಹಿಂತುದಿಯಲ್ಲಿ ಕೊಂಬಿರುವ ಹುಳುವನ್ನು ರೈತರು ನೋಡಿಯೇ ಇರುತ್ತಾರೆ. ಅದು ಮಣ್ಣೊಳಗೆ ಕೋಶ ಕಟ್ಟಿ ಪತಂಗವಾಗಿ ಹೊರಬಂದಾಗ ಬೆನ್ನ ಮೇಲೆ, ತಲೆಗೆ ಅಂಟಿದಂತೆಯೇ, ಮನುಷ್ಯನ ತಲೆಬುರುಡೆ ಹೋಲುವ ಮಚ್ಚೆ ಇರುತ್ತದೆ. ಇದೇ ಅಕೆರೋಂಟಿಯಾ ಕುಲ.

ಈ ಮಚ್ಚೆಯಿಂದಾಗಿ ಯುರೋಪಿನಲ್ಲಿ ಇದನ್ನು ಸಾವಿನ ಶಕುನ ಎಂದು ನಂಬಿದ್ದರು. ವಿಜ್ಞಾನಿಗಳೂ ಹೆಸರಿಡುವಾಗ ಅದೇ ಜಾಡು ಹಿಡಿದರು. 1758ರಲ್ಲಿ ಲಿನೇಯಸ್ ಇದನ್ನು ಸ್ಫಿಂಕ್ಸ್ ಕುಲಕ್ಕೆ ಸೇರಿಸಿ, ಆಯುಷ್ಯದ ನೂಲು ಕತ್ತರಿಸುವ ಗ್ರೀಕ್ ದೇವತೆ ಅಟ್ರೋಪಾಸ್ ಹೆಸರು ಕೊಟ್ಟ. 1798ರಲ್ಲಿ ಫ್ಯಾಬ್ರೀಶಿಯಸ್, ಆ ನೂಲನ್ನು ಅಳೆಯುವ ಅವಳ ಸೋದರಿಯ ಹೆಸರಿನ ಲ್ಯಾಕೆಸಿಸ್ ಪ್ರಭೇದವನ್ನು ವಿವರಿಸಿದ. 1809ರಲ್ಲಿ ಲಾಸ್ಪೈರೆಸ್, ಗ್ರೀಕರ ಸತ್ತವರ ಲೋಕದ ನದಿ ಅಕೆರಾನ್ ಹೆಸರಲ್ಲಿ, ಅಕೆರೋಂಟಿಯಾ ಎಂಬ ಬೇರೆ ಕುಲವನ್ನೇ ಮಾಡಿದ. 1847ರಲ್ಲಿ ವೆಸ್ಟ್‌ವುಡ್, ಅದೇ ಲೋಕದ ಇನ್ನೊಂದು ನದಿಯ ಹೆಸರಿನ ಸ್ಟಿಕ್ಸ್ ಪ್ರಭೇದ ಸೇರಿಸಿದ ಮೇಲೆ ಲೆಕ್ಕ ಮೂರಾಯಿತು, ಇಂದಿಗೂ ಮೂರೇ. ಅಟ್ರೋಪಾಸ್ ಆಫ್ರಿಕಾ, ಯುರೋಪಿನದು. ಉಳಿದೆರಡು ನಮ್ಮಲ್ಲೂ ಇವೆ. ಹಿಂರೆಕ್ಕೆ ನೋಡಿದರೆ ಗೊತ್ತಾಗುತ್ತದೆ: ಸ್ಟಿಕ್ಸ್‌ನದು ಹಳದಿ, ಮೇಲೆ ಎರಡು ಕಪ್ಪು ಪಟ್ಟಿ, ಲ್ಯಾಕೆಸಿಸ್‌ನದು ಬುಡದಲ್ಲಿ ಹೆಚ್ಚು ಕಪ್ಪು.

ಎಲ್ಲರ ಕಣ್ಣೂ ಬುರುಡೆಯ ಮೇಲೆ. ನನಗೆ ಮಾತ್ರ ಇದರ ಬಾಯಿಯೇ ದೊಡ್ಡ ವಿಸ್ಮಯ. ಇದೇ ಬಳಗದ, ಗೆಣಸಿನ ಬಳ್ಳಿ ಮೇಯುವ ಆಗ್ರಿಯಸ್ ಪತಂಗದ ನಾಲಿಗೆ ಸುಮಾರು 10 ಸೆಂ.ಮೀ. ಉದ್ದ, ಆಳವಾದ ಹೂಗಳಿಗೂ ಅದು ಮುಟ್ಟುತ್ತದೆ. ಅಕೆರೋಂಟಿಯಾದ ನಾಲಿಗೆ ಮೋಟು, ದಪ್ಪ, ತುದಿ ಚೂಪು. ಹೂವಿಗೆ ಅದು ಒಗ್ಗುವುದಿಲ್ಲ, ಜೇನಿನ ಎರಿಗೆ ಒಗ್ಗುತ್ತದೆ. ರಾತ್ರಿ ಗೂಡಿಗೆ ನುಗ್ಗಿ, ಮೇಣದ ಮುಚ್ಚಳ ಚುಚ್ಚಿ ತುಪ್ಪ ಹೀರುತ್ತದೆ. ನಮ್ಮ ತುಡುವೆ ಜೇನಿನ ಗೂಡೂ ಇದಕ್ಕೆ ಹೊರತಲ್ಲ. ಅಟ್ರೋಪಾಸ್ ಮೈಮೇಲಿನ ಕೊಬ್ಬಿನಾಮ್ಲಗಳು ಜೇನಿನ ಮೈವಾಸನೆಯನ್ನೇ ಹೋಲುತ್ತವೆ ಎಂದು 1991ರಲ್ಲಿ ತಿಳಿಯಿತು. ಕಾವಲು ಹುಳುಗಳು ಮೋಸಹೋಗುವುದು ಅದರಿಂದಲೇ ಇರಬೇಕು.

ಹಿಡಿದರೆ ಇದು ಕೀಚ್ ಎನ್ನುತ್ತದೆ. ಈ ಸದ್ದಿನ ಮೂಲದ ಬಗ್ಗೆ 18ನೇ ಶತಮಾನದಿಂದಲೇ ಚರ್ಚೆ ನಡೆದಿತ್ತು. ಫ್ರಾನ್ಸಿನ ರೆಯೊಮ್ಯೂರ್ ಬಾಯಂಗಗಳ ತಿಕ್ಕಾಟ ಎಂದುಕೊಂಡ. 2015ರಲ್ಲಿ ಜರ್ಮನಿಯ ಸಂಶೋಧಕರು ಅತಿವೇಗದ ಕ್ಯಾಮೆರಾ, ಎಂಡೋಸ್ಕೋಪ್ ಇಟ್ಟು ನೋಡಿದರು. ಗಂಟಲಿನ ಹೀರುಗೊಳವೆ ಹಿಗ್ಗಿ ಗಾಳಿ ಒಳಗೆ ಬರುವಾಗ ಅಲ್ಲಿನ ಪುಟ್ಟ ಮಡಿಕೆ ಅದುರಿ ಸದ್ದು ಹೊರಡುತ್ತದೆ. ಗಾಳಿ ಹೊರಹೋಗುವಾಗ ಇನ್ನೊಂದು, ಚಿಕ್ಕ ಸೀಟಿ. ಜೇನುತುಪ್ಪವನ್ನು ಮೇಲೆಳೆಯುವುದೂ ಅದೇ ಗೊಳವೆ.