ಖಾಲಿ ತೋಟೆಗೆ ಮತ್ತೆ ಮದ್ದು ತುಂಬಿದರೆ ಉಳಿಯುವುದೆಷ್ಟು?

ಕಳೆದ ಮಳೆಗಾಲಕ್ಕೆ ಮುಂಚೆ ಕಾಸರಗೋಡಿನ ಪೆರ್ಲದ ಕಡೆಯ ಅಡಿಕೆ ಕೃಷಿಕರೊಬ್ಬರು ತಮ್ಮ ಜೋಡುನಳಿಗೆ ಕೋವಿಯನ್ನು ಶುಚಿಗೊಳಿಸಲು, ಕೋವಿ ರಿಪೇರಿ ಮಾಡುವ ನನ್ನಲ್ಲಿಗೆ ತಂದರು. ಜೊತೆಗೊಂದು ಗೋಣಿಚೀಲವಿತ್ತು, ಅದರ ತುಂಬ ತಂದೆಯ ಕಾಲದಿಂದ ಕೂಡಿಟ್ಟ ಖಾಲಿ ತೋಟೆಗಳು, ಅಂದರೆ ಹಾರಿಸಿ ಮುಗಿದ ಕಾರ್ಟ್ರಿಜ್‌ಗಳು. ಹೊರದೇಶಗಳಲ್ಲಿ ಜನ ಮನೆಯಲ್ಲೇ ತೋಟೆ ತುಂಬಿಸಿಕೊಳ್ಳುವುದನ್ನು ಮೊಬೈಲಿನಲ್ಲಿ ನೋಡಿದ್ದರು. ತಾವೂ ಒಂದು ಯಂತ್ರ ತರಿಸಿದರೆ ಹೇಗೆ ಎಂದು ಕೇಳಿದರು. ಹಂದಿ ನುಗ್ಗಿದ ತೋಟದ ಸಂಕಟ ನನಗೆ ಗೊತ್ತು. ಕಾಡುಹಂದಿ ಕೊಲ್ಲಲು ಅನುಮತಿ ನೀಡುವ ಅಧಿಕಾರ 2022ರಲ್ಲಿ ಕೇರಳದ ಪಂಚಾಯತು ಅಧ್ಯಕ್ಷರಿಗೆ ಬಂದ ಮೇಲೆ, ಮೂಲೆ ಸೇರಿದ್ದ ಎಷ್ಟೋ ಕೋವಿಗಳು ನನ್ನ ಮೇಜಿಗೆ ಬಂದಿವೆ. ಹಾಗಾಗಿ ಅವರ ಪ್ರಶ್ನೆಯನ್ನು ನಾನು ಹಗುರವಾಗಿ ತಳ್ಳಿಹಾಕಲಿಲ್ಲ.

ತೋಟೆಯೊಳಗೆ ಇರುವುದು ಇಷ್ಟೇ: ಕವಚ, ಮದ್ದಿಗೆ ಕಿಡಿ ಕೊಡುವ ಬುಡದ ಕೇಪು, ಮದ್ದು, ಮದ್ದಿಗೂ ಚರೆಗೂ ನಡುವಿನ ಬಿರಡೆ, ಚರೆ ಎಂಬ ಸೀಸದ ಸಣ್ಣ ಗುಂಡುಗಳು. ಈಡು ಹಾರಿದ ಮೇಲೆ ಕೈಯಲ್ಲಿ ಉಳಿಯುವುದು ಕವಚವೊಂದೇ. ರೈಫಲ್‌ನದಾದರೆ ಆ ಕವಚ ಹಿತ್ತಾಳೆಯದು, ಇಡೀ ತೋಟೆಯಲ್ಲಿ ದುಬಾರಿ ಭಾಗ ಅದೇ, ಹಲವು ಸಲ ಬಳಸಲೂಬಹುದು. ವರ್ಷಕ್ಕೆ ಸಾವಿರಾರು ಗುಂಡು ಹಾರಿಸುವ ಅಮೆರಿಕದ ಗುರಿಕಾರನಿಗೆ ಅಲ್ಲಿ ನಿಜವಾದ ಉಳಿತಾಯವಿದೆ. ತನ್ನ ರೈಫಲ್‌ಗೆ ಹೊಂದುವಂತೆ ಮದ್ದನ್ನು ತೂಗಿ, ಗುರಿಯನ್ನೂ ಸುಧಾರಿಸಿಕೊಳ್ಳುತ್ತಾನೆ. ನಮ್ಮ ಹನ್ನೆರಡು ಬೋರಿನ (ಅದು ನಳಿಗೆಯ ಅಳತೆ) ಚರೆಕೋವಿಯ ಕವಚವೋ ಪ್ಲಾಸ್ಟಿಕ್ಕಿನದು, ಬುಡಕ್ಕೊಂದು ತೆಳು ಲೋಹದ ಟೋಪಿ. ಇಲ್ಲಿ ಹಣ ಕೂತಿರುವುದು ಸೀಸದಲ್ಲಿ, ಅದು ಪ್ರತಿ ಈಡಿಗೂ ಹೋಗಿಬಿಡುತ್ತದೆ. ಆ ದೇಶದಲ್ಲಿ ಚರೆ ಮಾರುವುದು 11.3 ಕಿಲೋ ಚೀಲದಲ್ಲಿ. ತೋಟೆಗೆ 32 ಗ್ರಾಂ ಎಂದರೆ ಸುಮಾರು 350 ತೋಟೆ. ನನ್ನಲ್ಲಿಗೆ ಬರುವ ಕೃಷಿಕರು ವರ್ಷಕ್ಕೆ ಹಾರಿಸುವುದು ಹತ್ತಿಪ್ಪತ್ತು. ಒಂದು ಚೀಲ ಮುಗಿಯುವ ಹೊತ್ತಿಗೆ ಮೊಮ್ಮಗ ಕೋವಿ ಹಿಡಿದಿರುತ್ತಾನೆ. ಯಂತ್ರದ ಬೆಲೆ ಎಂದಿಗೂ ಹುಟ್ಟುವುದಿಲ್ಲ.

ಇದು ಕಾನೂನು ಬಿಟ್ಟ ಲೆಕ್ಕ. ಕೋವಿಯ ಪರವಾನಗಿ ಇಟ್ಟುಕೊಳ್ಳಲು ಮತ್ತು ಬಳಸಲು ಮಾತ್ರ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೆಯ ಸೆಕ್ಷನ್ ಪ್ರಕಾರ ಮದ್ದುಗುಂಡು ತಯಾರಿಗೆ ಬೇರೆಯೇ ಪರವಾನಗಿ ಬೇಕು. 2019ರ ತಿದ್ದುಪಡಿಯ ನಂತರ ಅದನ್ನು ಮೀರಿದರೆ ಕನಿಷ್ಠ 7 ವರ್ಷ ಸೆರೆ, ಜೀವಾವಧಿಯವರೆಗೂ ಹೋಗಬಹುದು. ಹೆಚ್ಚಿನವರಿಗೆ ಗೊತ್ತಿಲ್ಲದ ಇನ್ನೊಂದು ವಿಷಯವಿದೆ: ಕಾಯ್ದೆಯ ವ್ಯಾಖ್ಯೆಯಲ್ಲಿ ಮದ್ದುಗುಂಡು ತಯಾರಿಸುವ ಯಂತ್ರವೂ ಮದ್ದುಗುಂಡೇ. ಅಂದರೆ ತೋಟೆ ತುಂಬುವ ಮಾತು ಹಾಗಿರಲಿ, ಪಾರ್ಸೆಲ್ಲಿನಲ್ಲಿ ಯಂತ್ರ ತರಿಸಿದರೇ ಸಾಕು, ತೊಂದರೆ ಮನೆಬಾಗಿಲಿಗೆ ಬರುತ್ತದೆ.

ನನ್ನ ಭಯ ಮಾತ್ರ ಬೇರೆಯದು. ಕೆಲವು ವರ್ಷಗಳ ಹಿಂದೆ ಒಂದು ನಳಿಗೆ ರಿಪೇರಿಗೆ ಬಂತು, ನಡುವೆ ಹಾವು ಕಪ್ಪೆ ನುಂಗಿದಂತೆ ಉಬ್ಬಿತ್ತು. ಮೊದಲ ತೋಟೆ ಮಂಕಾಗಿ ‘ಪುಸ್’ ಎಂದಿತ್ತಂತೆ. ಮದ್ದಿಗೆ ಬಲ ಸಾಲದೆ ಬಿರಡೆ ನಳಿಗೆಯಲ್ಲೇ ಸಿಕ್ಕಿಕೊಂಡಿತ್ತು. ಅದನ್ನು ನೋಡದೆ ಅದೇ ನಳಿಗೆಗೆ ಇನ್ನೊಂದು ತೋಟೆ ಹಾಕಿ ಹಾರಿಸಿದ್ದರು. ಎಡಗೈ ಉಳಿದದ್ದು ಅವರ ಪುಣ್ಯ. ಕಾರ್ಖಾನೆಯ ತೋಟೆಗೂ ಹೀಗಾಗಬಹುದು, ಆದರೆ ಅಲ್ಲಿ ತೂಕ, ಒತ್ತಡಗಳ ಪರೀಕ್ಷೆ ಇದೆ. ನಮ್ಮ ಅಟ್ಟದಲ್ಲಿ, ಮಳೆ ಸುರಿಯುವ ಆಟಿ ತಿಂಗಳ ಥಂಡಿಯಲ್ಲಿ, ಅದು ಇಲ್ಲ. ಅಡಿಕೆಗೆ ಕೊಳೆರೋಗ ತರುವ ಅದೇ ತೇವ ಕೇಪನ್ನೂ ಮದ್ದನ್ನೂ ಕೆಡಿಸುತ್ತದೆ. ಹಳೆಯ ಕಾಗದದ ತೋಟೆಗಳಂತೂ ಉಬ್ಬಿ, ನಳಿಗೆಯ ಬುಡದಲ್ಲಿ ತೋಟೆ ಕೂರುವ ಗೂಡಿನೊಳಗೆ ಹೋಗುವುದೇ ಇಲ್ಲ.

ಹಣ ಉಳಿಸಬೇಕಾದರೆ ಕೊಂಡ ತೋಟೆ ಕೆಡದಂತೆ ನೋಡಿಕೊಳ್ಳಿ ಎಂದು ಅವರಿಗೆ ಹೇಳಿದೆ. ರಬ್ಬರ್ ಅಂಚಿನ ಬಿಗಿ ಡಬ್ಬಿ, ಒಳಗೆ ತೇವ ಹೀರುವ ಸಿಲಿಕಾ ಪೊಟ್ಟಣ, ಬೀಗ ಹಾಕಿದ ಕಪಾಟು. ಹಳೆಯದನ್ನು ಮೊದಲು ಬಳಸಬೇಕು. ಶಬ್ದ ಮಂಕಾಗಿ ಕೇಳಿದರೆ, ಹಂದಿ ಎದುರಿಗೇ ಇದ್ದರೂ ನಿಲ್ಲಿಸಿ, ಸುರಕ್ಷಿತ ದಿಕ್ಕಿಗೆ ಹಿಡಿದು ಒಂದಿಷ್ಟು ಹೊತ್ತು ಕಾದು, ಕೋವಿಯನ್ನು ಮಡಚಿ ತೆರೆದು, ತೋಟೆ ತೆಗೆದು, ಹಿಂಬದಿಯಿಂದ ನಳಿಗೆಯಲ್ಲಿ ಬೆಳಕು ಕಾಣುತ್ತದೆಯೇ ನೋಡಬೇಕು. ಗೋಣಿಚೀಲವನ್ನು ಅವರು ನನ್ನಲ್ಲೇ ಬಿಟ್ಟುಹೋದರು.