ಬಿಳಿಜೋಳದಿಂದ ಕಲಿಯಬಹುದಾದದ್ದು: ಪಾಲುದಾರರ ಅಭಿಪ್ರಾಯ ಸಂಗ್ರಹ

ಕೃಷಿ ವಿಸ್ತರಣೆ ಮತ್ತು ಗ್ರಾಮೀಣಾಭಿವೃದ್ಧಿ ಓದುವ ನಮಗೆ ಪಾಲುದಾರರ, ಅಂದರೆ ಒಂದು ಯೋಜನೆಯ ಲಾಭ ನಷ್ಟ ತಟ್ಟುವ ಎಲ್ಲರ, ಅಭಿಪ್ರಾಯ ಸಂಗ್ರಹಿಸುವ ಅಧ್ಯಾಯ ವಿಧಾನಗಳ ಪಟ್ಟಿಯಾಗಿಯೇ ಸಿಗುತ್ತದೆ: ಸಂದರ್ಶನ, ಗುಂಪು ಚರ್ಚೆ, ಪ್ರಶ್ನಾವಳಿ, ಸಹಭಾಗಿ ಗ್ರಾಮೀಣ ಸಮೀಕ್ಷೆ. ಪರೀಕ್ಷೆಗೆ ಅಷ್ಟು ಸಾಕಾಗಬಹುದು. ಆದರೆ ಯಾರನ್ನು ಕೇಳಬೇಕು, ಏನನ್ನು ಕೇಳಬೇಕು, ಯಾವಾಗ ಕೇಳಬೇಕು ಎಂಬ ಮೂರು ಪ್ರಶ್ನೆಗಳನ್ನು ಬಿಡಿಸಿಕೊಳ್ಳದಿದ್ದರೆ ಆ ಪಟ್ಟಿ ಕೆಲಸಕ್ಕೆ ಬರುವುದಿಲ್ಲ. ಅದಕ್ಕಾಗಿ ವಿಜಯಪುರದ ಎರೆಭೂಮಿಯ ಹಿಂಗಾರು ಜೋಳದಿಂದ ಆರಂಭಿಸುತ್ತೇನೆ.

ಅಲ್ಲಿನ ರೈತರು ಇಂದಿಗೂ ನಂಬಿ ಬಿತ್ತುವ ತಳಿ ಎಂ 35-1, ಅಂದರೆ ಮಾಲದಂಡಿ. ಸೊಲ್ಲಾಪುರದ ಬಳಿಯ ಮೊಹೋಳದಲ್ಲಿ 1930ರ ದಶಕದಲ್ಲಿ ನಾಟಿ ಜೋಳದಿಂದ ಆಯ್ದು ತೆಗೆದದ್ದು. ದೇಶದ ಮೊದಲ ಹೈಬ್ರಿಡ್ ಜೋಳ ಸಿಎಸ್‌ಎಚ್-1 ಬಂದದ್ದು 1964ರಲ್ಲಿ. ಮುಂಗಾರಿನಲ್ಲಿ ಹೈಬ್ರಿಡ್‌ಗಳು ಗೆದ್ದವು. ಹಿಂಗಾರಿನಲ್ಲಿ ಮಾಲದಂಡಿಯನ್ನು ಕದಲಿಸಲು ಆಗಲಿಲ್ಲ. ಸುಳಿನೊಣದ ಕಾಟ, ನೆಲದಲ್ಲಿ ಉಳಿದ ತೇವದ ಮೇಲೆಯೇ ಬೆಳೆಯಬೇಕಾದ ಕಷ್ಟ ಇವೆಲ್ಲ ಕಾರಣಗಳೇ. ಆದರೆ ಇನ್ನೊಂದು ಕಾರಣ ನಮ್ಮ ಅಧ್ಯಾಯಕ್ಕೆ ಸೇರಿದ್ದು. ತಳಿಯನ್ನು ಅಳೆಯುವಾಗ ಎಲ್ಲಕ್ಕಿಂತ ಮೊದಲು ನೋಡುತ್ತಿದ್ದದ್ದು ಹೆಕ್ಟೇರಿಗೆ ಎಷ್ಟು ಕಾಳು ಎಂಬುದನ್ನು. ರೈತನ ಮನೆಯಲ್ಲಿ ಲೆಕ್ಕ ಬೇರೆ: ಎತ್ತುಗಳಿಗೆ ಬೇಸಿಗೆ ದಾಟಿಸುವಷ್ಟು ಕಣಿಕೆ ಬರುತ್ತದೆಯೇ, ರೊಟ್ಟಿ ಬಡಿದಾಗ ಹಿಟ್ಟು ಬಿರಿಯದೆ ನಿಲ್ಲುತ್ತದೆಯೇ, ಕಾಳು ಮುತ್ತಿನಂತೆ ಹೊಳೆದು ಪೇಟೆಯಲ್ಲಿ ದರ ತರುತ್ತದೆಯೇ? ಗಿಡ್ಡ ತಳಿ ಹೆಚ್ಚು ಕಾಳು ಕೊಟ್ಟರೂ ಮೇವಿನ ಬಣವೆ ಸಣ್ಣದಾದರೆ ಅದು ಆ ಮನೆಗೆ ನಷ್ಟ.

ಈಗ ‘ಯಾರನ್ನು’ ಎಂಬ ಪ್ರಶ್ನೆ. ‘ರೈತರನ್ನು ಕೇಳಿದೆವು’ ಎಂದು ವರದಿಯಲ್ಲಿ ಬರೆದರೆ ಸಾಲದು. ರೊಟ್ಟಿಯ ಗುಣ ಗೊತ್ತಿರುವುದು ಅದನ್ನು ಬಡಿಯುವ ಹೆಂಗಸರಿಗೆ. ಕೊಯ್ಲಿನ ಕಷ್ಟ ಗೊತ್ತಿರುವುದು ಕೂಲಿಗೆ ಬರುವವರಿಗೆ, ಅವರಿಗೆ ಹೊಲವೇ ಇಲ್ಲದಿರಬಹುದು. ಕುರಿ ಮೇಯಿಸುವವರು, ಅಡತಿ ಅಂಗಡಿಯವರು, ಬೀಜ ಕೂಡಿಡುವ ಮುದುಕಿ ಎಲ್ಲರೂ ಪಾಲುದಾರರೇ. ಊರ ಪಂಚಾಯತಿ ಕಟ್ಟೆಯಲ್ಲಿ ಬೆಳಿಗ್ಗೆ ಹತ್ತಕ್ಕೆ ಸಭೆ ಕರೆದರೆ ಇವರಲ್ಲಿ ಅರ್ಧ ಜನ ಬರುವುದಿಲ್ಲ, ಬಂದವರೂ ದೊಡ್ಡ ಹಿಡುವಳಿದಾರರ ಎದುರು ಬಾಯಿ ತೆರೆಯುವುದಿಲ್ಲ. ಆದ್ದರಿಂದ ಗುಂಪುಗಳನ್ನು ಬೇರೆ ಬೇರೆ ಕೂರಿಸಿ, ಅವರಿಗೆ ಬಿಡುವಾದ ಹೊತ್ತಿನಲ್ಲಿ ಕೇಳಬೇಕು.

‘ಏನನ್ನು’ ಎಂಬುದಕ್ಕೆ ನನಗೆ ಅತ್ಯಂತ ಇಷ್ಟವಾದ ವಿಧಾನ ಕೋಷ್ಟಕ ಶ್ರೇಣೀಕರಣ. ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಕೋಷ್ಟಕದ ಚೌಕಮನೆಗಳನ್ನು ಬರೆಯುತ್ತಾರೆ. ಮೇಲೆ ತಳಿಗಳ ಹೆಸರು, ಪಕ್ಕದಲ್ಲಿ ಗುಣಗಳು. ಗುಣಗಳನ್ನು ಹೇಳುವವರು ಊರಿನವರೇ ಆಗಿರಬೇಕು, ಇದೇ ಇದರ ಜೀವ. ಪ್ರತಿ ಚೌಕಮನೆಯಲ್ಲೂ ಹುಣಸೆಬೀಜ ಇಟ್ಟು ಅಂಕ ಕೊಡುತ್ತಾರೆ. ಅಕ್ಷರ ಬಾರದವರೂ ಬೀಜವನ್ನು ಸರಿಸಿ ವಾದಿಸಬಹುದು, ಆ ವಾದದಲ್ಲೇ ನಮಗೆ ಬೇಕಾದ ಮಾಹಿತಿ ಇರುತ್ತದೆ. ಮೊತ್ತವನ್ನಷ್ಟೇ ಬರೆದುಕೊಂಡು ಬರುವ ವಿದ್ಯಾರ್ಥಿ ಮುಖ್ಯವಾದದ್ದನ್ನು ಅಲ್ಲಿಯೇ ಬಿಟ್ಟು ಬರುತ್ತಾನೆ. ಇಂಥ ಸಹಭಾಗಿ ವಿಧಾನಗಳು ಭಾರತದಲ್ಲಿ ಬೇರೂರಲು 1980ರ ದಶಕದ ಕೊನೆಯಲ್ಲಿ ಬೆಂಗಳೂರು ಮೂಲದ ಮೈರಾಡ ಸಂಸ್ಥೆ ಮಾಡಿದ ಕೆಲಸ ದೊಡ್ಡದು ಎಂಬುದನ್ನು ನಾವು ನೆನಪಿಡಬೇಕು.

‘ಯಾವಾಗ’ ಎಂಬುದಕ್ಕೆ ಬಿಟಿ ಬದನೆ, ಅಂದರೆ ಕಾಯಿಕೊರಕ ಹುಳುವನ್ನು ತಡೆಯಲು ಬ್ಯಾಕ್ಟೀರಿಯಾದ ಜೀನ್ ಸೇರಿಸಿದ ಬದನೆ, ಪಾಠವಾಗುತ್ತದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯವು ಉಡುಪಿ ಗುಳ್ಳ, ಮಂಜರಿಗೋಟದಂಥ ಸ್ಥಳೀಯ ತಳಿಗಳಿಗೂ ಬಿಟಿ ಗುಣವನ್ನು ಸೇರಿಸುವ ಕೆಲಸದಲ್ಲಿ ತೊಡಗಿತ್ತು. 2009ರ ಅಕ್ಟೋಬರ್ 14ರಂದು ಕೇಂದ್ರದ ಅನುಮೋದನಾ ಸಮಿತಿ ಬಿಟಿ ಬದನೆಗೆ ಒಪ್ಪಿಗೆ ಕೊಟ್ಟಿತು. ಸಾರ್ವಜನಿಕ ಸಮಾಲೋಚನೆ ನಡೆದದ್ದು ಅದರ ನಂತರ: 2010ರ ಜನವರಿ 13ರಿಂದ ಫೆಬ್ರುವರಿ 6ರವರೆಗೆ, ಏಳು ನಗರಗಳಲ್ಲಿ, ಕೊನೆಯದು ಬೆಂಗಳೂರಿನಲ್ಲಿ. ಫೆಬ್ರುವರಿ 9ರಂದು ಅಂದಿನ ಪರಿಸರ ಸಚಿವ ಜೈರಾಂ ರಮೇಶ್ ಅದನ್ನು ಬೆಳೆಗೆ ಬಿಡುವುದಕ್ಕೆ ತಡೆ ಘೋಷಿಸಿದರು. ತೀರ್ಮಾನ ಸರಿಯೇ ತಪ್ಪೇ ಎಂಬ ಚರ್ಚೆ ಬೇರೆ. ಸಚಿವರೊಬ್ಬರು ಊರೂರು ಸುತ್ತಿ ಜನರ ಮಾತು ಕೇಳಿದ್ದನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಸಂಶೋಧನೆಯೆಲ್ಲ ಮುಗಿದ ಮೇಲೆ ಕೇಳಿದಾಗ ಜನರ ಮುಂದೆ ಉಳಿದದ್ದು ಬೇಕು ಅಥವಾ ಬೇಡ ಎಂಬ ಎರಡೇ ಉತ್ತರ. ಕಾಯಿಕೊರಕವನ್ನು ಬೇರೆ ಯಾವ ದಾರಿಯಲ್ಲಿ ಹತೋಟಿಗೆ ತರಬಹುದು, ಯಾವ ತಳಿಯನ್ನು ಮುಟ್ಟಬಾರದು ಎಂಬ ಪ್ರಶ್ನೆಗಳಿಗೆ ಸೂಕ್ತ ಕಾಲ ಯೋಜನೆ ರೂಪಿಸುವ ಹಂತ.

ಕ್ಷೇತ್ರಕಾರ್ಯಕ್ಕೆ ಹೋಗುವವರು ಒಂದು ಕೆಲಸ ಮಾಡಿ. ಪ್ರತಿ ಕೃಷಿ ವಿಜ್ಞಾನ ಕೇಂದ್ರದಲ್ಲೂ ರೈತರನ್ನು ಒಳಗೊಂಡ ವೈಜ್ಞಾನಿಕ ಸಲಹಾ ಸಮಿತಿ ಇರುತ್ತದೆ. ಅದರ ನಡವಳಿಯನ್ನು ಕೇಳಿ ಪಡೆಯಿರಿ. ಹಿಂದಿನ ಸಭೆಯಲ್ಲಿ ರೈತರು ಕೊಟ್ಟ ಸಲಹೆಗಳ ಪಕ್ಕದಲ್ಲಿ ಕೈಗೊಂಡ ಕ್ರಮ ಏನು ಎಂದು ಬರೆದಿರುತ್ತಾರೆ. ಎಷ್ಟು ಸಲಹೆಗಳು ಹೊಲದ ಪ್ರಯೋಗಗಳಾದವು, ಎಷ್ಟಕ್ಕೆ ‘ಗಮನಿಸಲಾಗಿದೆ’ ಎಂಬ ಒಂದೇ ಮಾತು ಸಿಕ್ಕಿತು ಎಂದು ಎಣಿಸಿ, ಆಮೇಲೆ ಆ ಸಲಹೆ ಕೊಟ್ಟ ರೈತರನ್ನು ಭೇಟಿಯಾಗಿ ಅವರಿಗೆ ಉತ್ತರ ತಲುಪಿತೇ ಎಂದು ವಿಚಾರಿಸಿ.